ಮಗ್ಗದವಳು ಬಿಗಿದ ಚೈನು

ಡಬ್ಬಿ ಬಿಚ್ಚಿದ ಕೂಡಲೇ ಮೂಗಿಗೆ ಹೊಡೆದದ್ದು ಕಮಟು ಗ್ರೀಸಿನ ವಾಸನೆ. ಮೋಟಾರನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕಳಿಸಿದ್ದರು. ಪೇಪರೆಲ್ಲ ಜಿಡ್ಡು ಕುಡಿದು ಕರ್ರಗಾಗಿತ್ತು. ಜೊತೆಗೆ ಎರಡು ಮೊಳದ ಚೈನು, ಕಂಟ್ರೋಲರ್ ಎನ್ನುವ ಅಂಗೈಯಗಲದ ಪೆಟ್ಟಿಗೆ, ಬ್ರೇಕಿನ ಹಿಡಿಕೆ ಎರಡು, ಕೈಯಲ್ಲಿ ತಿರುಗಿಸುವ ಎಕ್ಸಲೇಟರ್ ಒಂದು, ಮತ್ತೆ ಏಳೆಂಟು ಬಣ್ಣದ ವಾಯರುಗಳ ಸಿಕ್ಕು. ಸಿಕ್ಕು ಬಿಡಿಸುವುದೇ ನನ್ನ ಹೊಟ್ಟೆಪಾಡು, ಅದಕ್ಕೆ ಹೆದರಲಿಲ್ಲ. ಆದರೆ ಆ ಜಿಡ್ಡು ಉಗುರಿನ ಸಂದಿಗೆ ಹೋಗಿ ಕೂತದ್ದು ಎರಡು ಸಲ ಸೋಪು, ಒಂದು ಸಲ ಕಡಲೆಹಿಟ್ಟು ಹಚ್ಚಿ ತಿಕ್ಕಿದರೂ ಬಿಡಲಿಲ್ಲ. ರೇಷ್ಮೆ ಮುಟ್ಟುವ ಕೈ ಇದು. ಅವತ್ತು ಊಟಕ್ಕೆ ಕೂತಾಗ ನನ್ನ ಕೈಯ ವಾಸನೆಗೆ ನನಗೇ ತುತ್ತು ಇಳಿಯಲಿಲ್ಲ.

ನಾನು ಇಳಕಲ್ಲಿನವಳು, ಸೀರೆಗೆ ಸೆರಗು ಕೂಡಿಸುವವಳು. ನಮ್ಮ ಸೀರೆಯ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಸೇರಿಸಿ ಕೊಂಡಿ ಹಾಕಬೇಕು. ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ. ಸಾವಿರಾರು ಕುಣಿಕೆ. ಒಂದು ತಪ್ಪಿದರೆ ಸೀರೆಯ ತುಂಬ ಕಾಣುತ್ತದೆ. ಊರಲ್ಲಿ ಈ ಕೆಲಸಕ್ಕೆ ಮನೆಮನೆಗೂ ಕೈಗಳಿವೆ. ಹುನಗುಂದದ ಕಡೆಯ ಮೂರು ಹಳ್ಳಿಗಳಲ್ಲಿ ಮಾತ್ರ ನೇಯುವವರು ಉಳಿದಿದ್ದಾರೆ, ಕೊಂಡಿ ಹಾಕುವವರ ಕಣ್ಣು ಹೋಗಿವೆ. ಅಲ್ಲಿಯ ಹನ್ನೊಂದು ಮಗ್ಗಕ್ಕೆ ಹದಿನಾಲ್ಕು ವರ್ಷದಿಂದ ನಾನೇ. ಅಪ್ಪ ಕೊಡಿಸಿದ್ದ ಲೇಡೀಸ್ ಸೈಕಲ್ಲಿನ ಕ್ಯಾರಿಯರಿಗೆ ಸೆರಗಿನ ಹಾಸಿನ ಗಂಟು ಕಟ್ಟಿಕೊಂಡು ಹೊರಟರೆ ದಿನಕ್ಕೆ ಎರಡು ಮನೆ ಮುಗಿಸಿ ಬರುತ್ತಿದ್ದೆ.

ಈ ಸಲ ಬೇಸಿಗೆ ಮುಗಿಯುವ ಹೊತ್ತಿಗೆ ಎಡಗಾಲಿನ ಮೊಳಕಾಲು ಬಾತುಕೊಂಡು ಕುಂಬಳಕಾಯಿಯಾಯಿತು. ದವಾಖಾನೆಯಲ್ಲಿ ಡಾಕ್ಟರು ಎರಡು ಬೆರಳಿನಿಂದ ಒತ್ತಿ, ಇನ್ನು ಪೆಡಲ್ ತುಳಿಯುವ ಮಾತೇ ಬೇಡ ಎಂದರು. ಬಸ್ಸಿಗೆ ಹೋಗೋಣವೆಂದರೆ ಹಳ್ಳಿಗೆ ಬೆಳಿಗ್ಗೆ ಒಂದು ಬಸ್ಸು, ಮಧ್ಯಾಹ್ನ ಮೇಲೆ ಒಂದು. ಗಂಟು ನೋಡಿದ ಕಂಡಕ್ಟರ್ ದಿನಾ ಮುಖ ಗಂಟು ಹಾಕುವವನೇ. ಏನು ಮಾಡಿದರೂ ದಿನಕ್ಕೆ ಒಂದೇ ಮನೆ.

ನಮಗೆ ನೂಲು ಕೊಟ್ಟು ಸೀರೆ ಒಯ್ಯುವ ಮಾಲಕರು ಕರೆಸಿದರು. ಕೆಟ್ಟ ಮನುಷ್ಯರಲ್ಲ, ಮಾತು ಮಾತ್ರ ಕತ್ತರಿ.

"ನೋಡವಾ, ಶ್ರಾವಣಕ್ಕ ಬಾದಾಮಿ, ಬಾಗಲಕೋಟಿ ಅಂಗಡಿಯವ್ರು ಸೀರಿ ಕೇಳಾಕತ್ತಾರ. ಶ್ರಾವಣದ ಮೊದಲನೇ ಸೋಮವಾರದ ತನಕ ಹಾದಿ ನೋಡ್ತೇನಿ. ಅಷ್ಟೊತ್ತಿಗೆ ನೀ ಮೊದಲಿನಂಗ ದಿನಕ್ಕ ಎರಡ ಮನಿ ಮುಗಸಿದಿ, ಹಳ್ಳಿ ನಿನ್ನವ. ಇಲ್ಲಂದ್ರ ಆ ಮಗ್ಗ ಬಂದ್ ಮಾಡಸ್ತೇನಿ. ನೀ ಹೆದರಬ್ಯಾಡ, ನಮ್ಮ ಅಂಗಡ್ಯಾಗ ಸೀರಿ ಮಡಚಾಕ ಬಾ. ಮನ್ಯಾಗ ಕುಂತಂಗ ಇರತೈತಿ."

ಮನೆಯಲ್ಲಿ ಕೂತಹಾಗೆ. ಆ ಮಾತು ಮುಳ್ಳಿನ ಹಾಗೆ ಒಳಗೆ ಉಳಿಯಿತು. ಹನ್ನೆರಡನೇ ವಯಸ್ಸಿನಿಂದ ಕೊಂಡಿ ಹಾಕಿದವಳು ಬೇರೆಯವರು ನೇಯ್ದ ಸೀರೆಯನ್ನು ಮಡಚಿ ಮಡಚಿ ಗಿರಾಕಿಯ ಮುಂದೆ ಇಡುವುದು. ನಾನು ಎದ್ದು ಹೊರಗೆ ಬಂದೆ. ಅಲ್ಲೇ ನಿಂತಿದ್ದರೆ ಅತ್ತು ಬಿಡುತ್ತಿದ್ದೆ.

ಸ್ಕೂಟಿ ನನಗೆ ಒಗ್ಗಿದ್ದಲ್ಲ. ಒಮ್ಮೆ ಕಲಿಯಲು ಹೋಗಿ ಬಿದ್ದು, ಮುಂಗೈ ಮುರಿದುಕೊಂಡಿದ್ದೇನೆ. ಸಣ್ಣ ಮೋಟಾರು ಕೂಡಿಸಿದ ಸೈಕಲ್ಲಿಗೆ ಲೈಸೆನ್ಸು ಬೇಡವೆಂದು ಫೋನಿನ ವಿಡಿಯೋದಲ್ಲಿ ಒಬ್ಬ ಹೇಳಿದ. ಅವನು ಹಿಂದಿಯಲ್ಲಿ ನಗುತ್ತಾ ನಗುತ್ತಾ ಹತ್ತು ನಿಮಿಷದಲ್ಲಿ ಎಲ್ಲ ಜೋಡಿಸಿ ಹತ್ತಿ ಹೊರಟೇ ಹೋದ. ಅವನ ಹಲ್ಲು ಉದುರಲಿ. ಅವನ ಮಾತು ನಂಬಿ ಸಾಮಾನು ತರಿಸಿದೆ.

ಅಂಗಳದಲ್ಲಿ ಸಾಮಾನು ಹರವಿಕೊಂಡು ಕೂತದ್ದನ್ನು, ಮನೆಯಲ್ಲಿ ನನ್ನ ಜೊತೆಗಿರುವ ಸೋದರತ್ತೆ ನೂಲಿನ ಕಂಡಿಕೆ ಸುತ್ತುತ್ತಲೇ ನೋಡಿದರು. "ಮೊಳಕಾಲ ನೋವಿಗೆ ಮಂದಿ ಎಣ್ಣಿ ಹಚ್ಚತಾರ. ನಿನ್ನಂಗ ಮೋಟಾರ ಹಚ್ಚಿಕೊಂಡಾರ್ನ ನಾ ಎಲ್ಲೂ ನೋಡಿಲ್ಲ ಬಿಡವಾ," ಎಂದರು.

ಕೆಲಸ ಹೀಗೆ: ಸೈಕಲ್ಲಿನ ಬಲಕ್ಕೆ ಪೆಡಲಿನ ಚೈನು ಇದ್ದೇ ಇದೆ. ಎಡಕ್ಕೆ ಹಿಂದಿನ ಗಾಲಿಗೆ ಇನ್ನೊಂದು ಹಲ್ಲಿನ ಚಕ್ರ ಕೂಡಿಸಬೇಕು. ಅದರ ಮುಂದೆ ಚೌಕಟ್ಟಿಗೆ ಒಂದು ಕಬ್ಬಿಣದ ಪಟ್ಟಿ ಬೆಸೆದು ಮೋಟಾರು ಕೂಡಿಸಬೇಕು. ಮೋಟಾರಿನ ಸಣ್ಣ ಹಲ್ಲಿನಿಂದ ಗಾಲಿಯ ದೊಡ್ಡ ಹಲ್ಲಿಗೆ ಚೈನು. ಗಂಡಸರ ಸೈಕಲ್ಲಾದರೆ ನಡುವಿನ ತ್ರಿಕೋನದಲ್ಲಿ ಬ್ಯಾಟರಿ ಕೂರುತ್ತದೆ. ಲೇಡೀಸ್ ಸೈಕಲ್ಲಿಗೆ ತ್ರಿಕೋನವೇ ಇಲ್ಲ. ಹಿಂದೆ ಕ್ಯಾರಿಯರಿನ ಮೇಲೆ ಇಡೋಣವೆಂದರೆ ಗಂಟು ಎಲ್ಲಿ ಕಟ್ಟಲಿ? ಮುಂದಿನ ಬುಟ್ಟಿಯಲ್ಲಿಟ್ಟೆ. ಹ್ಯಾಂಡಲ್ಲು ಕುಡಿದವನ ತಲೆಯ ಹಾಗೆ ಆ ಕಡೆ ಈ ಕಡೆ ವಾಲತೊಡಗಿತು.

ಬ್ಯಾಟರಿ ತಂದದ್ದು ಬಾಗಲಕೋಟೆಯಿಂದ. ಅಂಗಡಿಯವನು ಎಲೆಯಡಿಕೆ ಅಗಿಯುತ್ತಾ ಎರಡು ಬ್ಯಾಟರಿ ಮೇಜಿನ ಮೇಲಿಟ್ಟು, "ಹೊಸಾವು ಅಕ್ಕಾ, ಎರಡ ವರ್ಷ ತಿರುಗಿ ನೋಡೂದ ಬ್ಯಾಡ," ಎಂದ. ಮನೆಗೆ ತಂದು ಇಡೀ ದಿನ ಚಾರ್ಜಿಗೆ ಹಾಕಿದರೆ ಒಂದು ಹೊಟ್ಟೆ ಉಬ್ಬಿಸಿಕೊಂಡು ಕೂತಿತು. ಸ್ಟಿಕ್ಕರಿನ ತುದಿ ಉಗುರಿನಿಂದ ಕೆರೆದು ನೋಡಿದೆ. ಹೊಸ ಸ್ಟಿಕ್ಕರಿನ ಕೆಳಗೆ ಹಳೆಯ ಸ್ಟಿಕ್ಕರ್ ಇತ್ತು. ಥೂ. ಊದಿದ ಮೊಳಕಾಲು ಎಳೆದುಕೊಂಡು ಮತ್ತೆ ಬಾಗಲಕೋಟೆಗೆ ಹೋಗಿ, ಅಂಗಡಿಯ ಮುಂದೆ ನಿಂತು, ಗಿರಾಕಿಗಳೆಲ್ಲ ಕೇಳುವ ಹಾಗೆ ಬೈದ ಮೇಲೆ ಬದಲಿ ಕೊಟ್ಟ. ಅವನಿಗೆ ನಾಚಿಕೆಯೇ ಆಗಲಿಲ್ಲ, ಚಹಾ ಬೇಕೇನು ಎಂದು ಕೇಳಿದ. ಆದರೆ ಬೈದರೆ ಕೆಲಸ ಆಗುತ್ತದೆ ಎಂಬುದನ್ನು ನಾನು ಅಲ್ಲಿಯೇ ಕಲಿತೆ. ಅದು ಮುಂದೆ ನನ್ನನ್ನು ಎಲ್ಲಿಗೆ ಒಯ್ಯುತ್ತದೆಂದು ಗೊತ್ತಿರಲಿಲ್ಲ.

ಪಟ್ಟಿ ಬೆಸೆಯಲು ನಮ್ಮ ಓಣಿಯ ಆಚೆ ತುದಿಯ ವೆಲ್ಡಿಂಗ್ ಅಂಗಡಿಗೆ ಹೋದೆ. ಅಂಗಡಿಯ ಯಜಮಾನರಿಗೆ ಅರವತ್ತು ದಾಟಿದೆ, ಓಣಿಯವರಿಗೆಲ್ಲ ಚಾಚಾ. ನಮ್ಮ ಮನೆಯ ಕಿಟಕಿಯ ಸರಳು, ಅಪ್ಪನ ಮಗ್ಗದ ಕಬ್ಬಿಣದ ಕೊಕ್ಕೆ ಎಲ್ಲ ಅವರ ಕೈಯವೇ. ಅವರು ಸೈಕಲ್ಲನ್ನು ಒಂದು ಸುತ್ತು ನೋಡಿ, ಗಾಲಿಯನ್ನು ಎತ್ತಿ ತಿರುಗಿಸಿ, ಸುಣ್ಣದ ಕಡ್ಡಿಯಿಂದ ಗುರುತು ಹಾಕಿದರು. ಮೋಟಾರಿನ ಬೋಲ್ಟಿಗೆ ಪಟ್ಟಿಯಲ್ಲಿ ದುಂಡಗಿನ ತೂತು ಕೊರೆಯಲಿಲ್ಲ, ಉದ್ದನೆಯ ಸೀಳು ಬಿಟ್ಟರು. ಬೋಲ್ಟು ಸಡಿಲಿಸಿ ಮೋಟಾರನ್ನು ಹಿಂದೆ ಮುಂದೆ ಸರಿಸಬಹುದು. ನಾನು ಕೇಳದಿದ್ದರೂ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಓಢಣಿ ಸಿಕ್ಕಿಕೊಳ್ಳಬಾರದೆಂದು ಚೈನಿಗೆ ಮುಚ್ಚಳ ಮಾಡಿದರು.

"ಚೈನ ಭಾಳ ಬಿಗಿ ಮಾಡಬ್ಯಾಡ ತಂಗೆವ್ವಾ," ಎಂದರು. "ನಡುವ ಹೆಬ್ಬಟ್ಟಿಲೆ ಒತ್ತಿದ್ರ ಅರ್ಧ ಇಂಚ ಕೆಳಗ ಹೋಗಬೇಕು. ಅದಕ್ಕ ಈ ಸೀಳ ಬಿಟ್ಟೇನಿ."

ನಾನು ಹೂಂ ಅಂದೆ. ಮನೆಗೆ ಬಂದು ಬಿಗಿದೆ.

ಇದನ್ನು ಮಗ್ಗದ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳಬೇಕು. ಸಡಿಲ ಎಂಬುದು ನಮ್ಮಲ್ಲಿ ಬೈಗುಳ. ಅಪ್ಪ ಬೆಳಿಗ್ಗೆ ಮಗ್ಗದ ಕುಣಿಗೆ ಇಳಿಯುವ ಮೊದಲು ಹಾಸನ್ನು ಉಗುರಿನಿಂದ ಮೀಟುತ್ತಿದ್ದ. ತಂತಿಯ ಹಾಗೆ ನುಡಿದರೆ ಕೂರುತ್ತಿದ್ದ, ಇಲ್ಲದಿದ್ದರೆ ಹಗ್ಗ ಸರಿಯಾಗಿ ಎಳೆಯದೆ ಬಿಟ್ಟವರು ಯಾರೆಂದು ಮನೆ ತುಂಬ ವಿಚಾರಣೆ. ಸಡಿಲ ಹಾಸಿನ ಸೀರೆ ಉಟ್ಟವಳ ಮೈಮೇಲೆ ಜೋಲುತ್ತದೆ. ಸಡಿಲ ಮಾತು, ಸಡಿಲ ಕೈ, ಸಡಿಲ ನಡತೆ, ಯಾವುದೂ ನಮ್ಮ ಮನೆಯ ಹೊಸಿಲು ದಾಟಿ ಬರುವ ಹಾಗಿರಲಿಲ್ಲ. ಹಾಗಿರುವಾಗ ಜೋಲುವ ಚೈನು ನೋಡಿ ನನಗೆ ಮೈ ಉರಿಯಿತು. ಚಾಚಾನಿಗೆ ವಯಸ್ಸಾಯಿತು, ಅಳತೆ ಸರಿಯಾಗಿ ಬಂದಿಲ್ಲ, ಅದಕ್ಕೇ ಅರ್ಧ ಇಂಚಿನ ಮಾತು ಹೇಳಿದರು ಎಂದುಕೊಂಡೆ. ಬೋಲ್ಟು ತಿರುಗಿಸುವ ಪಾನಾ ಹಿಡಿದು, ಮೋಟಾರನ್ನು ಸೀಳಿನ ತುದಿಯತನಕ ಸರಿಸಿ, ಉಗುರಿನಿಂದ ಚೈನು ಮೀಟಿದೆ. ಟಿಣ್ ಎಂದಿತು. ಹಾಯೆನಿಸಿತು.

ಮೊದಲನೇ ಸವಾರಿ ಬಸ್ ಸ್ಟ್ಯಾಂಡಿನತನಕ. ಎಕ್ಸಲೇಟರ್ ತಿರುಗಿಸಿದರೆ ಸೈಕಲ್ಲು ಒಂದು ಕ್ಷಣ ನರಳಿ ಆಮೇಲೆ ಮುಂದಕ್ಕೆ ಹಾರಿತು. ಕಾಲು ಆಡಿಸದೆ ಅಷ್ಟು ದೂರ ಹೋದದ್ದಕ್ಕೆ ಒಂದು ಗಳಿಗೆ ಖುಷಿಯಾದದ್ದು ನಿಜ. ತಿರುವಿನಲ್ಲಿ ಕಟ್ ಎಂದು ಸದ್ದಾಯಿತು, ಚೈನು ಜಾರಿ ಬಿತ್ತು, ನಾನೂ ಬಿದ್ದೆ. ನೋಡಿದರೆ ಪಟ್ಟಿ ಮುರಿದು ಮೋಟಾರು ವಾಯರಿಗೆ ಜೋತು ಬಿದ್ದಿತ್ತು. ಗುಟ್ಕಾ ಜಗಿಯುತ್ತಿದ್ದ ನಾಲ್ಕು ಗಂಡಸರು ಸುತ್ತ ನಿಂತರು. ಎಬ್ಬಿಸಲು ಒಬ್ಬನೂ ಕೈ ಚಾಚಲಿಲ್ಲ.

"ಯಕ್ಕಾ, ಇದಕ್ಕ ಪೆಟ್ರೋಲ್ ಎಲ್ಲಿ ಹಾಕ್ತಿ?" ಎಂದು ಒಬ್ಬ ಕೇಳಿದ. ಕೇಳಿ, ನನ್ನ ಕಾಲಿನ ಹತ್ತಿರವೇ ಪಿಚಕ್ಕೆಂದು ಉಗುಳಿದ. ಕಾಲಿಗೆ ಸಿಡಿದ ಆ ಕೆಂಪು ಉಗುಳು, ಗ್ರೀಸು, ಅಂಗೈಯಲ್ಲಿ ತರಚಿದ ರಕ್ತ, ಎಲ್ಲವನ್ನೂ ಓಢಣಿಗೆ ಒರೆಸಿಕೊಂಡು ಎದ್ದೆ.

ಸೈಕಲ್ಲು ನೂಕಿಕೊಂಡು ಚಾಚಾನ ಅಂಗಡಿಗೆ ಹೋದೆ. ಅವರು ಮುರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿದರು. "ಬಿಗಿ ಮಾಡಿದ್ದೇನ?" ಎಂದಷ್ಟೇ ಕೇಳಿದರು. "ಹೆಂಗ ಇರಬೇಕೋ ಹಂಗ ಮಾಡೇನಿ," ಎಂದೆ. ಅವರು ಇನ್ನೂ ದಪ್ಪನೆಯ ಪಟ್ಟಿ ಬೆಸೆದು ಕೊಟ್ಟರು. ಮತ್ತೆ ಹೆಬ್ಬೆಟ್ಟು ತೋರಿಸಿ ಅರ್ಧ ಇಂಚು ಎಂದರು. ನಾನು ಮತ್ತೆ ಮನೆಗೆ ಹೋಗಿ ಬಿಗಿದೆ, ಮೊದಲಿಗಿಂತ ಒಂದು ಸುತ್ತು ಹೆಚ್ಚು. ಸಡಿಲಿದ್ದದ್ದಕ್ಕೇ ಚೈನು ಜಾರಿತು ಎಂಬುದು ನನ್ನ ಲೆಕ್ಕ.

ಎರಡನೇ ಪಟ್ಟಿ ಮೂರು ದಿನ ಬಂತು. ನಾಲ್ಕನೇ ದಿನ ಹುನಗುಂದದ ದಾರಿಯಲ್ಲಿ, ಊರು ದಾಟಿ ಸ್ವಲ್ಪ ದೂರ ಹೋಗುವುದರೊಳಗೆ ಅದೂ ಸೀಳಿತು. ರೇಷ್ಮೆ ಹಾಸಿನ ಗಂಟು ಮಣ್ಣಿಗೆ ಬಿತ್ತು. ಮನೆಗೆ ತಂದು ಬಿಚ್ಚಿದರೆ ಕೆಂಪು ಎಳೆಗಳ ಮೇಲೆ ಒಂದು ಅಂಗೈಯಷ್ಟು ಕರಿ ಜಿಡ್ಡಿನ ಕಲೆ. ಆ ಹಾಸು ಪೂರ್ತಿ ಹಾಳು.

ಅವತ್ತು ನಾನು ಮಾಡಿದ್ದನ್ನು ಹೇಳದೆ ಈ ಬರಹ ಮುಗಿಸಲಾರೆ. ಚಾಚಾನ ಅಂಗಡಿಯ ಎದುರಿಗೆ ಚಹಾದಂಗಡಿ, ಬೆಳಿಗ್ಗೆ ಹತ್ತರ ಹೊತ್ತಿಗೆ ಅಲ್ಲಿ ತುಂಬ ಜನ. ಮುರಿದ ಪಟ್ಟಿಯನ್ನು ನಾನು ಚಾಚಾನ ಕಾಲಿನ ಮುಂದೆ ಒಗೆದೆ. ಬಾಗಲಕೋಟೆಯಲ್ಲಿ ಕಲಿತ ಪಾಠ ನಾಲಿಗೆಯ ಮೇಲಿತ್ತು.

"ಇದೇನ ವೆಲ್ಡಿಂಗ್ ಚಾಚಾ? ನಿಮ್ಮ ಕೈ ಸೋತಾವು, ಕಣ್ಣು ಹೋಗ್ಯಾವು. ಅಂಗಡಿ ಮುಚ್ಚಿ ಮನ್ಯಾಗ ಕುಂದರ್ರಿ. ಮಂದಿ ಜೀವ ಯಾಕ ತಗೀತೀರಿ?"

ಚಹಾದಂಗಡಿಯಲ್ಲಿ ಒಬ್ಬ ನಕ್ಕ. ಉಳಿದವರು ಗ್ಲಾಸು ಹಿಡಿದುಕೊಂಡೇ ಇತ್ತ ತಿರುಗಿದರು. ಮನೆಯ ಗೇಟು ಮಾಡಿಸಲು ಅಳತೆ ಹಿಡಿದುಕೊಂಡು ಅಂಗಡಿಯೊಳಗೆ ನಿಂತಿದ್ದ ಒಬ್ಬ ಗಿರಾಕಿ, ಅಳತೆಯ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, "ಮತ್ತ ಬರ್ತೇನಿ," ಎಂದು ಹೊರಟುಹೋದ. ಮತ್ತೆ ಬರಲಿಲ್ಲವೆಂದು ಆಮೇಲೆ ತಿಳಿಯಿತು.

ಚಾಚಾ ಬಗ್ಗಿ ಪಟ್ಟಿ ಎತ್ತಿಕೊಂಡರು. "ಇನ್ನ ನಿನ್ನ ಕೆಲಸ ನಾ ಮಾಡಾಂಗಿಲ್ಲ ತಂಗೆವ್ವಾ," ಎಂದರು. ದನಿ ಏರಲಿಲ್ಲ. ಪಟ್ಟಿಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ ಒಳಗೆ ಹೋದರು. ನಾನು ಗೆದ್ದವಳ ಹಾಗೆ ಸೈಕಲ್ಲು ತಿರುಗಿಸಿಕೊಂಡು ಬಂದೆ.

ಹುನಗುಂದದಲ್ಲಿ ಇನ್ನೊಬ್ಬ ವೆಲ್ಡರನನ್ನು ಹುಡುಕಿದೆ. ಅವನಿಗೆ ಮಾತೂ ಬೇಡ, ಅಳತೆಯೂ ಬೇಡ. ನಾನು ಹೇಳಿದ ಹಾಗೆ ಬೆರಳು ದಪ್ಪದ ಕಬ್ಬಿಣವನ್ನು ಚೌಕಟ್ಟಿಗೇ ಬೆಸೆದು, ಸೀಳಿಲ್ಲದೆ ದುಂಡಗಿನ ತೂತು ಕೊರೆದು, ಚೈನನ್ನು ಕಲ್ಲಿನ ಹಾಗೆ ಬಿಗಿದು ಕೊಟ್ಟ. ಈ ಸಲ ಪಟ್ಟಿ ಮುರಿಯಲಿಲ್ಲ. ಅಷ್ಟು ದಪ್ಪದ ಕಬ್ಬಿಣ ಮುರಿಯುವುದಾದರೂ ಹೇಗೆ? ಅದರ ಬದಲಿಗೆ ಮೋಟಾರು ಸುಟ್ಟ ವಾಸನೆ ಬಿಡತೊಡಗಿತು. ಉರಿಯುವ ಒಲೆಯ ಮೇಲೆ ಪ್ಲಾಸ್ಟಿಕ್ ಚೀಲ ಬಿದ್ದರೆ ಬರುತ್ತದಲ್ಲ, ಅದೇ ವಾಸನೆ. ಗಾಲಿಯನ್ನು ಎತ್ತಿ ಕೈಯಿಂದ ತಿರುಗಿಸಿದರೆ ಅರ್ಧ ಸುತ್ತಿಗೆ ನಿಲ್ಲುತ್ತಿತ್ತು. ನೋಡು, ಎಷ್ಟು ಗಟ್ಟಿಯಾಗಿದೆ ಎಂದು ಅತ್ತೆಗೆ ತೋರಿಸಿದ್ದೆ ಬೇರೆ.

ಎರಡನೇ ದಿನ ಕಂಟ್ರೋಲರ್ ಸತ್ತಿತು. ಬುಟ್ಟಿಯಿಂದ ಸಣ್ಣ ಹೊಗೆ ಎದ್ದು, ಸೈಕಲ್ಲು ಹೊಲದ ನಡುವೆ ನಿಂತಿತು. ನೂಕಿಕೊಂಡು ಮನೆಗೆ ಬಂದೆ, ಊದಿದ ಮೊಳಕಾಲಿನ ಮೇಲೆ. ಅತ್ತೆ ಬಾಗಿಲಲ್ಲಿದ್ದರು. ಈ ಸಲ ಚೇಷ್ಟೆ ಮಾಡಲಿಲ್ಲ. ಬಿಸಿನೀರು ಕಾಯಿಸಿಟ್ಟರು. ಅದು ಚೇಷ್ಟೆಗಿಂತ ಹೆಚ್ಚು ಚುಚ್ಚಿತು.

ಹೊಸ ಕಂಟ್ರೋಲರ್ ಬರಲು ಐದು ದಿನವೆಂದರು. ಶ್ರಾವಣದ ಸೋಮವಾರಕ್ಕೆ ಒಂಬತ್ತು ದಿನ ಉಳಿದಿತ್ತು. ಆ ಸೈಕಲ್ಲು ಕಣ್ಣಿಗೆ ಬಿದ್ದರೆ ಸಾಕು, ಹೇಸಿಗೆಯಾಗುತ್ತಿತ್ತು. ಅಪ್ಪ ಕೊಡಿಸಿದಾಗ ನೀಲಿ ಬಣ್ಣದ ಮುದ್ದಾದ ಸೈಕಲ್ಲು. ಈಗ ಮೈತುಂಬ ಸುಟ್ಟ ಕಲೆ, ಕರಿ ಟೇಪು, ಜೋತಾಡುವ ವಾಯರು, ಪಕ್ಕದಲ್ಲಿ ಗಡ್ಡೆ ಎದ್ದ ಹಾಗೆ ಆ ಕಬ್ಬಿಣ. ಗೋಣಿತಾಟು ಹೊದಿಸಿ ಮೂಲೆಗೆ ನಿಲ್ಲಿಸಿದೆ. ಸೀರೆ ಮಡಚಲು ಹೋಗುವುದೇ ಸರಿ ಎಂದು ಮನಸ್ಸು ಅರ್ಧ ಒಪ್ಪಿತ್ತು.

ಮರುದಿನ ಬಸ್ಸಿಗೆ ಹೋದೆ. ಮೂರು ಹಳ್ಳಿಗಳಲ್ಲಿ ಮೊದಲನೆಯದರಲ್ಲಿ ಒಬ್ಬ ಆಯಿ ಇದ್ದಾರೆ. ಎಪ್ಪತ್ತರ ಹತ್ತಿರದವರು, ಇವತ್ತಿಗೂ ದಿನಾ ಮಗ್ಗಕ್ಕೆ ಇಳಿಯುತ್ತಾರೆ. ಅವರ ಮಗ್ಗದಲ್ಲಿ ಒಡಲು ಮುಗಿದು ಸೆರಗಿಗೆ ಕಾಯುತ್ತಿತ್ತು. ನಾನು ತಲೆಯಲ್ಲಿ ಮೋಟಾರು, ಕಂಟ್ರೋಲರ್ ತುಂಬಿಕೊಂಡು ಮಗ್ಗದ ಮುಂದೆ ಕೂತು, ಸೆರಗಿನ ಹಾಸು ಬಿಚ್ಚಿ, ಒಡಲಿನ ಎಳೆ ಎತ್ತಿ ಕುಣಿಕೆ ಮಾಡಲು ಹೋದೆ. ಎಳೆ ಟಪ್ಪನೆ ಹರಿಯಿತು. ಇನ್ನೊಂದು ಎತ್ತಿದೆ. ಅದೂ ಹರಿಯಿತು.

ಆಯಿ ನನ್ನ ಮುಖ ನೋಡಿದರು. "ಏನಾಗೇತಿ ನಿನಗ? ಹಗ್ಗ ಬಿಡದ ಕೊಂಡಿ ಹಾಕಾಕ ಕುಂತಿ ಅಲ್ಲ. ಬಿಗದ ಹಾಸಿಗೆ ಎಂದಾರ ಕೊಂಡಿ ಕುಂತೈತೇನ?"

ನಿಜ. ಕೊಂಡಿಯ ಮೊದಲ ಕೆಲಸವೇ ಹಾಸು ಬಿಗಿದಿಟ್ಟ ಹಗ್ಗ ಬಿಡುವುದು. ಹಾಸು ಬಿಗಿಯಾಗಿದ್ದರೆ ಎಳೆ ಬಾಗುವುದಿಲ್ಲ, ಕುಣಿಕೆಯಾಗುವುದಿಲ್ಲ. ಗೂಟದಿಂದ ಹಗ್ಗ ಒಂದು ಸುತ್ತು ಬಿಚ್ಚಿ, ಹಾಸಿನ ನಡುವೆ ಹೆಬ್ಬೆಟ್ಟಿನಿಂದ ಒತ್ತಿ ನೋಡಿ, ಅದು ಕೆಳಗೆ ಹೋದರೆ ಮಾತ್ರ ಕೂರಬೇಕು. ಅಪ್ಪ ನುಡಿಸುತ್ತಿದ್ದದ್ದು ನೇಯುವ ಮೊದಲು. ನನ್ನ ಕೆಲಸ ಅದಲ್ಲ. ನನ್ನ ಕೆಲಸ ಸಡಿಲು ಮಾಡಿಕೊಂಡೇ ಶುರುವಾಗುವುದು. ಎಷ್ಟೋ ಸಾವಿರ ಸಲ ಮಾಡಿದ್ದೇನೆ, ಯಾರಿಗೂ ಹೇಳದೆ, ನನಗೇ ಗೊತ್ತಿಲ್ಲದೆ.

ಹಗ್ಗ ಬಿಟ್ಟೆ. ಹೆಬ್ಬೆಟ್ಟಿನಿಂದ ಒತ್ತಿದೆ. ಅರ್ಧ ಇಂಚು ಕೆಳಗೆ ಹೋಯಿತು.

ನಾನು ಹಾಗೇ ಹೆಬ್ಬೆಟ್ಟು ಒತ್ತಿಕೊಂಡು ಕೂತುಬಿಟ್ಟೆ.

"ಮತ್ತ ನೇಯುವಾಗ, ಆಯಿ?" ಎಂದು ಕೇಳಿದೆ. "ನೇಯುವಾಗ ಬಿಗಿ ಇರಬೇಕಲ್ಲ?"

"ಬಿಗಿ ಅಂದ್ರ ಎಷ್ಟ ಬಿಗಿ? ಕಾಲಿಲೆ ಒತ್ತಿದಾಗ ಲಾಳಿ ಹಾಯಾಕ ಹಾಸು ಬಾಯಿ ತಗೀತೈತಿ, ತಗಿಯಾಕ ಅದಕ್ಕ ಜಾಗಾ ಬ್ಯಾಡೇನ? ಅದಕ್ಕ ಅಲ್ಲ ಹಗ್ಗ ಹಾಕೂದು, ಕಬ್ಬಿಣ ಹಾಕಾಂಗಿಲ್ಲ," ಎಂದು ಆಯಿ ಎಲೆಗೆ ಸುಣ್ಣ ಹಚ್ಚಿಕೊಂಡರು. "ಇಷ್ಟ ವರ್ಷ ಆತು, ಇವತ್ತ ಕೇಳ್ತಿ ನೋಡು."

ಮಧ್ಯಾಹ್ನದ ಬಸ್ಸಿನಲ್ಲಿ ಬರುವಾಗ ನನ್ನ ಮೇಲೆ ನನಗೆ ಬಂದ ಅಸಹ್ಯಕ್ಕೆ ಹೆಸರಿಲ್ಲ. ಗ್ರೀಸಿನ ಮೇಲೆ, ಬ್ಯಾಟರಿಯವನ ಮೇಲೆ, ಗುಟ್ಕಾ ಉಗುಳಿದವನ ಮೇಲೆ ಇಷ್ಟು ದಿನ ಸುರಿದದ್ದೆಲ್ಲ ತಿರುಗಿ ನನ್ನ ಮೇಲೇ ಬಿತ್ತು. ಒಬ್ಬ ಮನುಷ್ಯ ನನ್ನದೇ ಕಸುಬಿನ ಅಳತೆಯನ್ನು, ತನ್ನ ಹೆಬ್ಬೆಟ್ಟಿನಲ್ಲಿ ತೋರಿಸಿ ಹೇಳಿದ್ದ. ಎರಡು ಸಲ. ನಾನು ಅವನಿಗೆ ಮನೆಯಲ್ಲಿ ಕೂರು ಎಂದೆ. ಮಾಲಕರು ನನಗೆ ಹೇಳಿದಾಗ ಅಳು ಬಂದ ಅದೇ ಮಾತನ್ನು ಹುಡುಕಿ ತೆಗೆದು ಅವನಿಗೆ ಹೇಳಿದೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಸೈಕಲ್ಲು ನೂಕಿಕೊಂಡು ಚಾಚಾನ ಅಂಗಡಿಗೆ ಹೋದೆ. ಬೇಕೆಂದೇ ಹತ್ತಕ್ಕೆ. ಅವರು ಸ್ಟೂಲಿನ ಮೇಲೆ ಕೂತು ಒಂದು ಕುಡುಗೋಲಿಗೆ ಹಿಡಿಕೆ ಹಾಕುತ್ತಿದ್ದರು. ತಲೆ ಎತ್ತಲಿಲ್ಲ. ಬಾಗಿಲ ಪಕ್ಕದ ಮೊಳೆಗೆ ನಾನು ಒಗೆದಿದ್ದ ಪಟ್ಟಿ ಇನ್ನೂ ತೂಗುತ್ತಿತ್ತು. ಮೊದಲ ಸಲ ಅದನ್ನು ಸರಿಯಾಗಿ ನೋಡಿದೆ. ವೆಲ್ಡಿಂಗು ಹಾಗೇ ಇತ್ತು, ಒಂದು ಕೂದಲಿನಷ್ಟೂ ಬಿರುಕಿಲ್ಲ. ಪಟ್ಟಿ ಸೀಳಿದ್ದು ಅಲ್ಲಿಂದ ಹೆಬ್ಬೆಟ್ಟಿನಷ್ಟು ಈಚೆಗೆ, ಚೈನು ಜಗ್ಗಿದ ಜಾಗದಲ್ಲಿ. ಮುರಿದದ್ದು ಅವರ ಕೈಕೆಲಸವಲ್ಲ. ಅದನ್ನು ಯಾರು ಬೇಕಾದರೂ ನೋಡಲಿ ಎಂದು ಅವರು ಬಾಗಿಲಿಗೇ ತೂಗುಹಾಕಿದ್ದರು. ನಾನು ಅದೇ ದಾರಿಯಲ್ಲಿ ನಾಲ್ಕು ಸಲ ಓಡಾಡಿದ್ದೆ.

"ಚಾಚಾ, ತಪ್ಪು ನಂದು. ನೀವು ಹೇಳಿದ್ದ ಕೇಳದ ಚೈನ ಬಿಗದೆ. ನಿಮ್ಮ ವೆಲ್ಡಿಂಗ್ ಮುರದಿಲ್ಲ."

ಅವರು ಹಿಡಿಕೆಗೆ ಎರಡು ಏಟು ಹಾಕಿದರು. "ನನಗ ಯಾಕ ಹೇಳ್ತಿ? ನನಗ ಅವತ್ತ ಗೊತ್ತಿತ್ತು."

ಎದುರಿಗೆ ಚಹಾದಂಗಡಿ. ಅವರು ಅತ್ತ ಬೆರಳು ಮಾಡಲಿಲ್ಲ. ಮಾಡಬೇಕಾಗಿರಲಿಲ್ಲ.

ರಸ್ತೆ ದಾಟಿ ಹೋದೆ. "ಅವತ್ತ ನಾ ಚಾಚಾಗ ಅಂದದ್ದು ಸುಳ್ಳ ಐತ್ರಿ. ಪಟ್ಟಿ ಮುರದದ್ದು ನನ್ನ ಕೈಲೆ, ಅವರ ಕೈಲೆ ಅಲ್ಲ," ಎಂದೆ. ಚಹಾದವನು ಹಾಲು ಉಕ್ಕುತ್ತದೆಂದು ಒಲೆಯ ಕಡೆ ಬಗ್ಗಿದ್ದ. ಬೆಂಚಿನ ಮೇಲೆ ಮೂರು ಜನ. ಒಬ್ಬ ಫೋನು ನೋಡುತ್ತಲೇ, "ಹೌದೇನು," ಎಂದ. ಇನ್ನೊಬ್ಬ, "ಯಾವತ್ತ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಬೀಡಿ ಹಚ್ಚಿದ. ಮೂರನೆಯವನು ಅವತ್ತು ಇರಲೇ ಇಲ್ಲ. ಬೈದ ದಿನ ಓಣಿಯೆಲ್ಲ ತಿರುಗಿ ನೋಡಿತ್ತು. ನಕ್ಕವನು ಕೂಡ ಇವತ್ತು ಬಂದಿರಲಿಲ್ಲ.

ತಿರುಗಿ ಬಂದಾಗ ಚಾಚಾ ಸೈಕಲ್ಲನ್ನು ಆಗಲೇ ಮಗುಚಿ ಹಾಕಿದ್ದರು. ಹುನಗುಂದದವನು ಬೆಸೆದ ಕಬ್ಬಿಣ ಕತ್ತರಿಸಲು ಅರ್ಧ ತಾಸು ಹಿಡಿಯಿತು. ಕಿಡಿಗಳು ಅವರ ಲುಂಗಿಯ ಮೇಲೆ ಬಿದ್ದು ಆರುತ್ತಿದ್ದವು. ಸೀಳಿರುವ ಹೊಸ ಪಟ್ಟಿ ಬೆಸೆದರು. ಎಡಗಡೆಯ ಹಲ್ಲಿನ ಚಕ್ರ ಸವೆದು ಬಾಗಿತ್ತು, ಅದನ್ನು ಬಡಿದು ನೇರ ಮಾಡಿದರು. ಆಮೇಲೆ ನನ್ನನ್ನು ಕರೆದು ಗಾಲಿಯನ್ನು ಮೆಲ್ಲಗೆ ತಿರುಗಿಸಿದರು.

"ಈ ಚಕ್ರ ಪೂರ್ತಿ ಗುಂಡಗ ಇರಾಂಗಿಲ್ಲ. ನೋಡು, ಇಲ್ಲಿಗೆ ಬಂದಾಗ ಚೈನ ತಾನ ಬಿಗೀತೈತಿ. ಮೊದಲ ಬಿಗದಿಟ್ಟರ ಇಲ್ಲಿ ಎಲ್ಲಿಗೆ ಹೋಗಬೇಕು ಅದು? ನೀನ ಹೇಳು."

ಬಾಯಿ ತೆಗೆಯಲು ಜಾಗ ಬೇಕು, ಎಂದೆ. ಅವರಿಗೆ ತಿಳಿಯಲಿಲ್ಲ. ಮಗ್ಗದ ಮಾತು ಎಂದೆ. ಬ್ಯಾಟರಿಯನ್ನು ಬುಟ್ಟಿಯಿಂದ ತೆಗೆಸಿ, ಸೀಟಿನ ಕೆಳಗೆ ತಗಡಿನ ಪೆಟ್ಟಿಗೆ ಮಾಡಿ ಕೂರಿಸಿದರು. ಹ್ಯಾಂಡಲ್ಲು ತಲೆ ಆಡಿಸುವುದು ನಿಂತಿತು. ಕೊನೆಗೆ ನನ್ನ ಕೈಗೆ ಪಾನಾ ಕೊಟ್ಟು ಚೈನು ನನ್ನಿಂದಲೇ ಕೂಡಿಸಿದರು. ನಾನು ಸಡಿಲ ಬಿಟ್ಟೆ ಎಂದುಕೊಂಡು ಎದ್ದು ನಿಂತೆ. ಅವರು ಹೆಬ್ಬೆಟ್ಟಿನಿಂದ ಒತ್ತಿದರು.

"ಇನ್ನೂ ಬಿಗಿ ಐತಿ," ಎಂದರು.

ಕಂಟ್ರೋಲರ್ ಹೇಳಿದ್ದಕ್ಕಿಂತ ಎರಡು ದಿನ ತಡವಾಗಿ ಬಂತು. ವಾಯರು ಕೂಡಿಸಿ ಮುಗಿಸಿದ್ದು ಭಾನುವಾರ. ಸೋಮವಾರ ಬೆಳಿಗ್ಗೆ ಗಂಟು ಕಟ್ಟಿಕೊಂಡು ಹೊರಟೆ. ಮೋಟಾರು ಈಗಲೂ ಗೊಣಗುತ್ತದೆ, ಏರಿನಲ್ಲಿ ಮುದಿ ಎಮ್ಮೆಯ ಹಾಗೆ ಏದುಸಿರು ಬಿಡುತ್ತದೆ. ಆದರೆ ನಡೆಯಿತು. ಆಯಿಯ ಮನೆಯಲ್ಲಿ ಚಾರ್ಜಿಗೆ ಹಾಕಿ ಒಂದು ಸೆರಗು, ಅದರ ಮುಂದಿನ ಹಳ್ಳಿಯಲ್ಲಿ ಇನ್ನೊಂದು. ಹೊತ್ತು ಇರುವಾಗಲೇ ಮಾಲಕರ ಅಂಗಡಿಯ ಮುಂದೆ ಸೈಕಲ್ಲು ನಿಲ್ಲಿಸಿದೆ. ಅವರು ಸೈಕಲ್ಲನ್ನೂ ನನ್ನ ಕರಿ ಉಗುರುಗಳನ್ನೂ ನೋಡಿದರು.

"ಎರಡ ಹಳ್ಳಿ ನಿನ್ನವ," ಎಂದರು. "ಮೂರನೇದ್ದು ಹೋತವಾ. ನೀ ಬರಾಂಗಿಲ್ಲ ಅಂತ ತಿಳದು ಅಲ್ಲಿಯವ್ರು ತಾವ ನಾಕೂ ಮಗ್ಗ ಹೋದ ವಾರ ಬಿಚ್ಚಿದ್ರು."

ಹೋದ ವಾರ. ನಾನು ಹುನಗುಂದದಲ್ಲಿ ಕಬ್ಬಿಣ ಬೆಸೆಸುತ್ತಿದ್ದ ವಾರದ ಮರುವಾರ. ಚಾಚಾನ ಮಾತನ್ನು ಮೊದಲ ದಿನವೇ ಕೇಳಿದ್ದರೆ ಆ ನಾಲ್ಕು ಮಗ್ಗ ಉಳಿಯುತ್ತಿದ್ದವು. ಇದನ್ನು ನಾನು ಯಾರ ಮೇಲೂ ಹಾಕಲಾರೆ.

ಸಂಜೆ ಚಾಚಾನಿಗೆ ಹೇಳಿ ಬರಲು ಹೋದೆ. ಎಲ್ಲ ಕೇಳಿ ತಲೆಯಾಡಿಸಿದರು. ಎದ್ದು ಬರುವಾಗ ಮೊಳೆಯ ಮೇಲಿನ ಪಟ್ಟಿ ಕಂಡಿತು. "ಇನ್ನಾದ್ರೂ ಅದನ್ನ ತಗೀರಿ ಚಾಚಾ. ನಾ ಎಲ್ಲಾರ ಮುಂದ ಹೇಳೇನಲ್ಲ," ಎಂದೆ.

"ನೀ ಹೇಳಿದ್ದ ಎಷ್ಟ ಮಂದಿ ಕೇಳಿದ್ರು ತಂಗೆವ್ವಾ?" ಎಂದರು. ಸಿಟ್ಟಿರಲಿಲ್ಲ. "ಅದು ಅಲ್ಲೇ ಇರಲಿ."

ಅದು ಈಗಲೂ ಅಲ್ಲೇ ಇದೆ, ತುಕ್ಕು ಹಿಡಿದಿದೆ. ವೆಲ್ಡಿಂಗು ಮಾತ್ರ ಹಾಗೇ ಇದೆ. ಹಳ್ಳಿಗೆ ಹೋಗಲು ನಮ್ಮ ಮನೆಯಿಂದ ಇನ್ನೊಂದು ಓಣಿಯಿದೆ, ಅದೇ ಹತ್ತಿರ. ನಾನು ಚಾಚಾನ ಅಂಗಡಿಯ ಮುಂದೆ ಹಾಯುವ ಈ ಓಣಿಯಿಂದಲೇ ಹೋಗುತ್ತೇನೆ.